ಮೀನಿಗೆ ಹುಷಾರಿಲ್ಲ

ನನ್ನ ಗಂಡ ಮನೆ ಬಿಟ್ಟು ಹೋಗುವಾಗ ಟೂತ್‌ಬ್ರಶ್ಶು, ಚಾರ್ಜರು, ಗೋಡೆಯ ಮೇಲಿದ್ದ ಗಡಿಯಾರ ಎಲ್ಲವನ್ನೂ ನೆನಪಿಟ್ಟು ತೆಗೆದುಕೊಂಡು ಹೋದ. ಮರೆತದ್ದು ಎರಡೇ. ಒಂದು, ಹಾಲ್‌ನಲ್ಲಿದ್ದ ನಾಲ್ಕಡಿ ಉದ್ದದ ಮೀನಿನ ಟ್ಯಾಂಕು. ಇನ್ನೊಂದು, ಅವನ ಹೆತ್ತ ತಾಯಿ. "ಸೆಟ್ಲ್ ಆದ್ಮೇಲೆ ಬಂದು ಕರ್ಕೊಂಡು ಹೋಗ್ತೀನಿ" ಎಂದಿದ್ದ. ಯಾವುದನ್ನು ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನು ಯಾರ ಜೊತೆ ಸೆಟ್ಲ್ ಆದನೋ ಆ ಪುಣ್ಯಾತ್ಗಿತ್ತಿಗೆ ಎರಡೂ ಬೇಡವಾಗಿರಬೇಕು.

ಹೀಗೆ ನನ್ನ ಪಾಲಿಗೆ ಮೀನು ಮತ್ತು ಅತ್ತೆ ಉಳಿದರು. ಮೀನು ಸದ್ದು ಮಾಡುವುದಿಲ್ಲ. ಆ ಕೊರತೆಯನ್ನು ಅತ್ತೆ ತುಂಬಿಕೊಡುತ್ತಿದ್ದರು. ನನ್ನ ಕೆಲಸ ಹಲ್ಲು ಮಾಡುವುದು. ಡಾಕ್ಟರುಗಳು ಬೊಚ್ಚುಬಾಯಿಗಳ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ, ನಾನು ಮೇಣದಲ್ಲಿ ವಸಡು ಕಟ್ಟಿ ಹಲ್ಲು ಜೋಡಿಸುತ್ತೇನೆ. ಅತ್ತೆಯ ಬಾಯಲ್ಲಿರುವ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ನನ್ನದೇ ಕೈಕೆಲಸ. ಅಂದರೆ ಬೆಳಗಿನಿಂದ ರಾತ್ರಿಯವರೆಗೆ ಅವರು ನನ್ನನ್ನು ಬೈಯುತ್ತಿದ್ದದ್ದು ನಾನೇ ಕೂಡಿಸಿಕೊಟ್ಟ ಹಲ್ಲುಗಳಿಂದ. ಒಂದಕ್ಷರವೂ ತೊದಲುತ್ತಿರಲಿಲ್ಲ. ಕೆಲಸ ಅಷ್ಟು ಚೆನ್ನಾಗಿ ಬಂದಿತ್ತು.

ಟ್ಯಾಂಕು ತಂದವನು ಗಂಡ. ಅವನ ಹುಚ್ಚು ಯಾವುದೂ ಹೆಚ್ಚು ದಿನ ಬಾಳುವಂಥದ್ದಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಗಾಜು ಪಾಚಿ ಕಟ್ಟುವಷ್ಟರಲ್ಲಿ ಅದು ಅತ್ತೆಯ ಕೊರಳಿಗೆ ಬಿತ್ತು. ಅವು ಬೆಚ್ಚಗಿನ ದೇಶದ ಮೀನುಗಳಂತೆ, ನೀರು ಸ್ವಲ್ಪ ತಣ್ಣಗಾದರೂ ಮುದುಡಿ ಮೂಲೆ ಸೇರುತ್ತವೆ. ಒಮ್ಮೆ ಹೀಟರ್ ಕೆಟ್ಟಾಗ ಅತ್ತೆ ತಮ್ಮ ಉಣ್ಣೆಯ ಶಾಲನ್ನು ಟ್ಯಾಂಕಿಗೆ ಸುತ್ತಿದ್ದರು. ಅದೇ ವಾರ ನನಗೆ ಜ್ವರ ಬಂದಾಗ ಹೊದಿಸಿದ್ದು ಹಳೇ ಚಾದರ, ಅದೂ ತೂತಿದ್ದದ್ದು.

ಮೀನುಗಳಿಗೆಲ್ಲ ಅವರೇ ಹೆಸರಿಟ್ಟಿದ್ದರು. ಗಾಜಿಗೆ ಬಾಯಿ ಅಂಟಿಸಿಕೊಂಡು ಕೂತಲ್ಲೇ ತಿನ್ನುವ ಕಪ್ಪು ಮೀನು 'ಅಳಿಯ'. ಅಗಲ ರೆಕ್ಕೆ ಹರಡಿಕೊಂಡು ಯಾರನ್ನೂ ಲೆಕ್ಕಕ್ಕಿಡದೆ ತೇಲುವ ಜೋಡಿ 'ಬೀಗರು'. ಗುಂಪು ಕಟ್ಟಿಕೊಂಡು ಅತ್ತಿಂದಿತ್ತ ಓಡುವ ನೀಲಿ ಪುಟಾಣಿಗಳು 'ಚಿಳ್ಳೆಪಿಳ್ಳೆಗಳು'. ಎಲ್ಲರಿಗಿಂತ ದಪ್ಪಗಿದ್ದು, ಊಟ ಹಾಕಿದೊಡನೆ ಮುನ್ನುಗ್ಗಿ, ತಿಂದಾದ ಮೇಲೆ ಪಕ್ಕದವರ ಬಾಲ ಕಚ್ಚಿ, ಆಮೇಲೆ ಏನೂ ಗೊತ್ತಿಲ್ಲದವನಂತೆ ಗಿಡದ ಹಿಂದೆ ಅಡಗುವ ಕಿತ್ತಳೆ ಬಣ್ಣದ ಮೀನು 'ಮಗರಾಯ'. ಹೆತ್ತವಳಿಗೆ ಮಗನ ಗುಣ ತಿಳಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಟ್ಯಾಂಕಿನಲ್ಲಿ ಯಾರೂ ಮುಟ್ಟಬಾರದ ವಸ್ತು ಒಂದಿತ್ತು, ಫಿಲ್ಟರಿನೊಳಗಿನ ಸ್ಪಂಜು. ಒಂದು ಸಲ ಅದು ಕಂದು ಬಣ್ಣಕ್ಕೆ ತಿರುಗಿ ಲೋಳೆಲೋಳೆಯಾಗಿದ್ದನ್ನು ನೋಡಿ, ತೊಳೆದುಕೊಡೋಣ ಎಂದು ನಲ್ಲಿಯ ಕೆಳಗೆ ಹಿಡಿದಿದ್ದೆ. ಅತ್ತೆ ಕಿರುಚಿದ ರಭಸಕ್ಕೆ ಪಕ್ಕದ ಮನೆಯವರು ಬಾಗಿಲು ತೆಗೆದರು.

"ಆ ಕೊಳೇಲೇ ಕಣೇ ಮೀನಿನ ಜೀವ ಇರೋದು! ಅದನ್ನ ತೊಳೆದ್ರೆ ಪಾಪದವು ತಮ್ಮ ಉಚ್ಚೇಲಿ ತಾವೇ ಸಾಯ್ತವೆ. ಟ್ಯಾಂಕಿನ ಹಳೇ ನೀರಲ್ಲೇ ಒಂದ್ಸಲ ಹಿಂಡ್ಬೇಕು, ಅಷ್ಟೇ. ಮೀನಂಗಡಿಯವನು ಬಡ್ಕೊಂಡು ಹೇಳಿದಾನೆ."

ಅಂದಿನಿಂದ ನಾನು ಆ ಸ್ಪಂಜಿಗೆ ದೂರದಿಂದಲೇ ಕೈಮುಗಿಯುತ್ತಿದ್ದೆ.

ಹೀಗಿರುವಾಗ ಮನೆಯ ಮಾಲೀಕ ಕಟ್ಟಡ ಕೆಡವುತ್ತೇನೆ, ಖಾಲಿ ಮಾಡಿ ಎಂದ. ಹುಡುಕಿ ಹುಡುಕಿ ಸಾಕಾಗಿ, ಲ್ಯಾಬಿನ ಹತ್ತಿರ ಎರಡನೇ ಮಹಡಿಯಲ್ಲಿ ಒಂದು ಮನೆ ಹಿಡಿದೆ. ಒಂದು ರೂಮು, ಒಂದು ಹಾಲು, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಅಡುಗೆಮನೆ. ವಿಷಯ ತಿಳಿದು ನಾದಿನಿ ಫೋನ್ ಮಾಡಿದಳು. ನಾದಿನಿ ಅಂದರೆ ಓಡಿಹೋದವನ ತಂಗಿ. "ಅಣ್ಣಾನೇ ಇಲ್ಲ, ಇನ್ನೂ ನೀವು ಅಮ್ಮನ್ನ ನೋಡ್ಕೊಳ್ಳೋದು ನೋಡಿದ್ರೆ ಜನ ನನಗೆ ಏನಂತಾರೆ ಅತ್ತಿಗೆ? ನಾನೇ ಕರ್ಕೊಂಡು ಹೋಗ್ತೀನಿ" ಎಂದಳು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಗೊರಕೆ ಇಲ್ಲದ ರಾತ್ರಿ, ಬೇಕೆನಿಸಿದಾಗ ಊಟ, ಯಾರಿಗೂ ಲೆಕ್ಕ ಒಪ್ಪಿಸದ ಭಾನುವಾರ. ಆಗಲಿ ಎಂದೆ. ಅತ್ತೆಗೆ ಹೇಳಿದಾಗ ಅವರೂ "ಆಗ್ಲಿ" ಎಂದರು. ಅಷ್ಟೇ. ಪಾತ್ರೆ ಕುಕ್ಕಲಿಲ್ಲ, ಸತ್ತ ಮಾವನನ್ನು ಕರೆದು ದೂರಲಿಲ್ಲ.

ಆದರೆ ಟ್ಯಾಂಕು ತನ್ನ ಮನೆಗೆ ಬೇಡ ಎಂದಳು ನಾದಿನಿ. ಅವಳ ಗಂಡನಿಗೆ ನೀರಿನ ಗುಳುಗುಳು ಸದ್ದು ಆಗುವುದಿಲ್ಲವಂತೆ. ಕೊನೆಗೆ ಒಂದು ಒಪ್ಪಂದವಾಯಿತು. ಮೀನು ನನ್ನ ಜೊತೆ. ಹೊಸ ಮನೆಯಲ್ಲಿ ಅವು ಕೂತುಕೊಳ್ಳುವ ತನಕ ಅತ್ತೆಯೂ ನನ್ನ ಜೊತೆ. ಭಾನುವಾರ ನಾದಿನಿ ಕಾರು ತಂದು ಅಮ್ಮನನ್ನು ಕರೆದುಕೊಂಡು ಹೋಗುವುದು.

ಆ ದಿನದಿಂದ ಅತ್ತೆ ಒಳ್ಳೆಯವರಾಗಿಬಿಟ್ಟರು. ಕುಡಿದ ಲೋಟ ತಾವೇ ತೊಳೆದಿಡುವುದು, ಸಾರಿಗೆ ಉಪ್ಪು ಕಡಿಮೆಯಾದರೂ "ಚೆನ್ನಾಗಿದೆ" ಎನ್ನುವುದು. ನನಗೆ ಭಯವಾಯಿತು. ಡಾಕ್ಟರಿಗೆ ತೋರಿಸಬೇಕೇನೋ ಎಂದುಕೊಂಡೆ.

ಮನೆ ಖಾಲಿ ಮಾಡುವ ದಿನ ಮೀನಿನ ವಿಷಯಕ್ಕೆ ಮಾತ್ರ ಅವರ ಹಳೇ ನಾಲಿಗೆ ವಾಪಸ್ಸು ಬಂತು. ಸಾಮಾನು ಸಾಗಿಸುವವರ ಮೇಸ್ತ್ರಿ ಟ್ಯಾಂಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನೀರೆಲ್ಲಾ ಯಾಕೆ ತೆಗೀಬೇಕಮ್ಮಾ? ಅರ್ಧ ಇರ್ಲಿ. ನಾವು ಅಲ್ಲಾಡಿಸ್ದೆ ಎತ್ಕೊಂಡು ಹೋಗ್ತೀವಿ" ಎಂದ.

"ನಿನಗೆ ನಾಲ್ಕು ಬಕೆಟ್ ನೀರು ಕುಡಿಸಿ ಮೆಟ್ಟಿಲು ಹತ್ತಿಸ್ತೀನಿ. ಅಲ್ಲಾಡ್ದೆ ಹತ್ತು, ನೋಡೋಣ" ಎಂದರು ಅತ್ತೆ.

ಮೇಸ್ತ್ರಿ ಮಂಚ ಬಿಚ್ಚಲು ಹೋದ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. ಮೊದಲು ಹೀಟರಿನ ಪ್ಲಗ್ ತೆಗೆದರು. ಹಳೇ ನೀರನ್ನು ಕೊಳವೆಯಲ್ಲಿ ಎಳೆದು ಕ್ಯಾನುಗಳಿಗೆ ತುಂಬಿಸಿದರು, ಒಂದು ಹನಿಯನ್ನೂ ಚೆಲ್ಲಬಾರದೆಂದು ನನಗೆ ಆಜ್ಞೆಯಾಯಿತು. ನೀರು ಇಳಿದ ಮೇಲೆ ಮೀನುಗಳನ್ನು ಬಲೆಯಲ್ಲಿ ಹಿಡಿದು ಮುಚ್ಚಳವಿದ್ದ ಬಕೆಟ್ಟುಗಳಿಗೆ ಬಿಟ್ಟರು. ಚಿಳ್ಳೆಪಿಳ್ಳೆಗಳು ಗುಂಪಾಗಿಯೇ ಸಿಕ್ಕಿದವು. ಬೀಗರು ಗತ್ತಿನಿಂದ ಬಂದರು. ಮಗರಾಯ ಎರಡು ಸಲ ನೆಲಕ್ಕೆ ಹಾರಿದ. ಅಳಿಯ ಮಾತ್ರ ಗಾಜು ಬಿಡಲಿಲ್ಲ. ಕರೆದರೆ ಬರಲಿಲ್ಲ, ತಳ್ಳಿದರೆ ಹೋಗಲಿಲ್ಲ. ಕೊನೆಗೆ ಅತ್ತೆ ಗಾಜಿನ ಮೂಲೆಯಲ್ಲಿ ಬೆರಳು ತೂರಿಸಿ ಬಿಡಿಸಬೇಕಾಯಿತು. ಸ್ಪಂಜು ಹಳೇ ನೀರಿನ ಡಬ್ಬಿಯಲ್ಲಿ ಮುಳುಗಿಕೊಂಡು, ಅವರ ಕೈಚೀಲ ಸೇರಿತು.

ಲಾರಿಯ ಮುಂದಿನ ಸೀಟಿನಲ್ಲಿ ಅತ್ತೆ, ತೊಡೆಯ ಮೇಲೆ ಒಂದು ಬಕೆಟ್ಟು, ಕಾಲುಗಳ ನಡುವೆ ಇನ್ನೊಂದು. ನಾನು ಹಿಂದೆ ಹಾಸಿಗೆಗೆ ಒರಗಿಸಿದ ಖಾಲಿ ಟ್ಯಾಂಕನ್ನು ತಬ್ಬಿಕೊಂಡು ನಿಂತಿದ್ದೆ. ಗಂಡನನ್ನೂ ಅಷ್ಟು ಗಟ್ಟಿಯಾಗಿ ತಬ್ಬಿರಲಿಲ್ಲ. ರಸ್ತೆಯ ಉಬ್ಬು ಬಂದಾಗಲೆಲ್ಲ ಮುಚ್ಚಳದ ಸಂದಿಯಿಂದ ಡ್ರೈವರ್ ಮೇಲೆ ನೀರು ಚಿಮ್ಮುತ್ತಿತ್ತು. ಅವನು ಗೊಣಗಿದರೆ ಅತ್ತೆ, "ಮೀನಿನ ನೀರಪ್ಪಾ, ಗಿಡಕ್ಕೆ ತುಂಬಾ ಒಳ್ಳೇದು" ಎಂದು ಸಮಾಧಾನ ಹೇಳುತ್ತಿದ್ದರು. ಅವನು ಗಿಡವಲ್ಲ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ.

ಹೊಸ ಮನೆಯ ಮೆಟ್ಟಿಲು ಕಿರಿದು, ಜೊತೆಗೆ ಒಂದು ತಿರುವು. ಟ್ಯಾಂಕಿನ ಹಿಂಭಾಗ ನನ್ನ ಹೆಗಲ ಮೇಲಿತ್ತು, ಮುಂಭಾಗ ಮೇಸ್ತ್ರಿಯ ಕೈಯಲ್ಲಿ. ಆ ತಿರುವಿನಲ್ಲೇ ಕೆಳಗಿನ ಮನೆಯ ಓನರಮ್ಮ ಬಾಗಿಲು ತೆಗೆದು ಹೊರಗೆ ಬಂದರು. ನನ್ನ ಹಿಂದೆ ಬಕೆಟ್ ಹಿಡಿದು ಹತ್ತುತ್ತಿದ್ದ ಅತ್ತೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಒಬ್ಬರೇ ಇರೋದು ಅಂದಿದ್ರಲ್ಲ? ಇವರ್ಯಾರು?"

ಹೆಗಲು ಕಿತ್ತುಹೋಗುತ್ತಿತ್ತು. ಮೇಸ್ತ್ರಿ "ಬೇಗಮ್ಮಾ, ಬೇಗ" ಎನ್ನುತ್ತಿದ್ದ. "ಹೌದು, ಒಬ್ಬಳೇ" ಎಂದೆ. "ಇವರು ಮೀನಿಗೋಸ್ಕರ ಬಂದಿದಾರೆ. ಎರಡು ದಿನ ಇದ್ದು ಹೋಗ್ತಾರೆ."

ಅತ್ತೆ ಓನರಮ್ಮನಿಗೆ ನಮಸ್ಕಾರ ಮಾಡಿ ಹತ್ತಿಕೊಂಡು ಬಂದರು. ಹಾಲಿನಲ್ಲಿ ಟ್ಯಾಂಕು ಕೂರಿಸಿ, ಕಲ್ಲು ಹರಡಿ, ಹಳೇ ನೀರಿಗೆ ಹೊಸ ನೀರು ಸ್ವಲ್ಪಸ್ವಲ್ಪವೇ ಬೆರೆಸಿ, ಬಕೆಟ್ಟಿನ ಮೀನುಗಳನ್ನು ನಿಧಾನವಾಗಿ ಒಳಗೆ ಬಿಟ್ಟರು. ಅಳಿಯ ಮೊದಲು ಗಾಜು ಹುಡುಕಿಕೊಂಡ. ಅತ್ತೆ ಟ್ಯಾಂಕಿನ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು, "ಫ್ಯಾನ್ ಹಾಕ್ಕೊಳ್ಲಾ?" ಎಂದು ಕೇಳಿದರು.

ನನ್ನನ್ನು! ಫ್ಯಾನ್ ಹಾಕಿಕೊಳ್ಳಲು ನನ್ನ ಅಪ್ಪಣೆ! ಹಳೇ ಮನೆಯಲ್ಲಿ ನಾನು ನಿದ್ದೆ ಮಾಡುತ್ತಿರುವಾಗ ನನ್ನ ಫ್ಯಾನನ್ನೂ ಆರಿಸಿ ಹೋಗುತ್ತಿದ್ದ ಹೆಂಗಸು. "ಹಾಕ್ಕೊಳ್ಳಿ" ಎಂದೆ. ಬೆಳಿಗ್ಗೆ "ಸಕ್ಕರೆ ಡಬ್ಬಿ ತೆಗೀಲಾ?" ಮಧ್ಯಾಹ್ನ "ಕಿಟಕಿ ಹತ್ರ ಕೂತ್ಕೊಳ್ಲಾ?" ನನಗೆ ಮೈ ಉರಿಯತೊಡಗಿತು. ಯಾಕೆ ಉರಿಯುತ್ತಿದೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಶನಿವಾರ ಲ್ಯಾಬಿನಲ್ಲಿ ಯಾರದೋ ಕೆಳದವಡೆ ಉಜ್ಜುತ್ತಾ ಕೂತಿದ್ದಾಗ ಫೋನ್ ಬಂತು.

"ಮೀನಿಗೆ ಹುಷಾರಿಲ್ಲ ಕಣೇ. ಎಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದಾವೆ. ಇಂಥ ಹೊತ್ತಲ್ಲಿ ಬಿಟ್ಟು ಹೋಗೋಕಾಗತ್ತಾ? ನಾಳೆ ಬರ್ಬೇಡ ಅಂತ ಅವಳಿಗೆ ಹೇಳ್ಬಿಡು."

ಸುದ್ದಿ ಕೆಟ್ಟದ್ದು. ಧ್ವನಿ ಮಾತ್ರ ಮಗು ಶಾಲೆಗೇ ಫಸ್ಟ್ ಬಂತು ಎನ್ನುವವರ ಹಾಗಿತ್ತು. ಲ್ಯಾಬಿನ ಯಜಮಾನರು ಕನ್ನಡಕದ ಮೇಲಿಂದ ನೋಡಿ, "ಯಾರಿಗಮ್ಮಾ ಹುಷಾರಿಲ್ಲ?" ಎಂದರು. ಮೀನಿಗೆ ಎಂದೆ. ಅವರು ಸ್ವಲ್ಪ ಯೋಚಿಸಿ, "ಮೀನಿಗೆ ಹಲ್ಲಿರುತ್ತಾ?" ಎಂದು ಕೇಳಿದರು. ಜಗತ್ತಿನಲ್ಲಿ ಅವರಿಗೆ ಬೇರೆ ಚಿಂತೆಯಿಲ್ಲ.

ನಾದಿನಿಗೆ ಫೋನ್ ಮಾಡಿದೆ. "ಪರ್ವಾಗಿಲ್ಲ ಬಿಡಿ ಅತ್ತಿಗೆ, ಮುಂದಿನ ವಾರ ಬರ್ತೀನಿ" ಎಂದಳು. ನಾನು ಮಾತು ಮುಗಿಸುವ ಮೊದಲೇ ಎಂದಳು.

ಮನೆಗೆ ಹೋದರೆ ಅತ್ತೆ ಗುನುಗುತ್ತಾ ಟ್ಯಾಂಕಿನ ನೀರು ಬದಲಿಸುತ್ತಿದ್ದರು. ಮೀನುಗಳು ಸುಸ್ತಾಗಿದ್ದವು, ಅತ್ತೆ ಗೆಲುವಾಗಿದ್ದರು. ಅಡುಗೆಯಾಗಿತ್ತು. ಸಾರಿಗೆ ಉಪ್ಪು ಸರಿಯಾಗಿತ್ತು. ವಾರದ ನಡುವೆ ಮೀನು ಚೇತರಿಸಿಕೊಂಡವು, ಅತ್ತೆ ಮಂಕಾದರು. ಮತ್ತೆ ಶನಿವಾರ ಬಂತು. ಮೀನಿಗೆ ಹುಷಾರು ತಪ್ಪಿತು, ಅತ್ತೆ ಅರಳಿದರು. ನಾದಿನಿ ಮತ್ತೆ "ಪರ್ವಾಗಿಲ್ಲ ಬಿಡಿ" ಎಂದಳು. ನಾನು ದಡ್ಡಿಯೇ ಇರಬಹುದು, ಆದರೆ ಅಷ್ಟು ದಡ್ಡಿಯಲ್ಲ. ಮುಂದಿನ ಗುರುವಾರ ಲ್ಯಾಬಿನಲ್ಲಿ ತಲೆನೋವು ಎಂದು ಸುಳ್ಳು ಹೇಳಿ ಮಧ್ಯಾಹ್ನವೇ ಮನೆಗೆ ಬಂದೆ.

ಅತ್ತೆ ಅಡುಗೆಮನೆಯಲ್ಲಿದ್ದರು. ಒಂದು ಪಾತ್ರೆಯೊಳಗೆ ಫಿಲ್ಟರಿನ ಸ್ಪಂಜು. ಅದರ ಮೇಲೆ ಕೆಟಲಿನಿಂದ ಹಬೆಯಾಡುವ ನೀರು ಸುರಿಯುತ್ತಿದ್ದರು.

"ಅತ್ತೆ, ಏನ್ಮಾಡ್ತಿದ್ದೀರಿ?"

"ಟೀ" ಎಂದರು.

ನಾನು ಪಾತ್ರೆಯ ಕಡೆ ನೋಡಿದೆ. ಅವರೂ ನೋಡಿದರು. ಸ್ಪಂಜು ಅಂಗಡಿಯಿಂದ ಆಗ ತಾನೇ ತಂದಂತೆ ಬೆಳ್ಳಗಾಗಿತ್ತು. ಟ್ಯಾಂಕಿನ ಹತ್ತಿರ ಓಡಿದೆ. ಬೀಗರು, ಚಿಳ್ಳೆಪಿಳ್ಳೆಗಳು ಎಲ್ಲ ನೀರಿನ ಮೇಲೆ ಬಾಯಿ ಇಟ್ಟುಕೊಂಡು ಏದುತ್ತಿದ್ದವು. ಗಿಡದ ಹಿಂದೆ ಮಗರಾಯ ಮಗ್ಗುಲಾಗಿ ತೇಲುತ್ತಿದ್ದ. ಬೆರಳಿನಿಂದ ಮುಟ್ಟಿದೆ. ಹೋಗಿಬಿಟ್ಟಿದ್ದ.

"ಸೋಪು ಹಾಕಿಲ್ಲ" ಎಂದರು ಅತ್ತೆ ಹಿಂದಿನಿಂದ. "ಬರೀ ಬಿಸಿನೀರು, ನಿನ್ನೆ ಒಂದ್ಸಲ, ಇವತ್ತೊಂದ್ಸಲ. ಎರಡು ದಿನ ಸುಸ್ತಾಗ್ಲಿ ಅಂತ ಅಷ್ಟೇ. ಸಾಯ್ಲಿ ಅಂತಲ್ಲ. ನಾನೇನು ಕೊಲೆಗಾರಳಾ?" ಆಮೇಲೆ ಅವರ ಕಣ್ಣಿಗೂ ಮಗರಾಯ ಬಿದ್ದ.

ಗೋಳಾಡುತ್ತಾರೆ ಎಂದುಕೊಂಡೆ. ಟೀ ಸೋಸುವ ಜಾಲರಿ ತಂದು ಅವನನ್ನು ಎತ್ತಿದರು. "ಹೋಗೋದೊಂದೇ ಗೊತ್ತಿತ್ತು ಇವನಿಗೆ" ಎಂದರು. ಯಾವ ಮಗರಾಯನಿಗೆ ಹೇಳಿದರೋ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಅಲ್ಲ ಅತ್ತೆ, ನನ್ನ ಮೇಲೆ ಸಿಟ್ಟಿದ್ರೆ ನನಗೆ ಬೈರಿ. ಬಾಯಿ ಬಿದ್ದುಹೋಗಿತ್ತಾ? ಈ ಮೂಕ ಪ್ರಾಣಿಗಳಿಗೆ ಯಾಕೆ ಹಿಂಸೆ?"

"ಯಾವ ಅಧಿಕಾರದಲ್ಲಿ ಬೈಲಿ?" ಅವರು ಕುರ್ಚಿಯ ಮೇಲೆ ಕೂತರು, ಜಾಲರಿ ಕೈಯಲ್ಲೇ ಇತ್ತು. "ಮಗ ಇದ್ದಾಗ ನಾನು ನಿನಗೆ ಅತ್ತೆ. ಈಗ ಏನು? ಮೆಟ್ಟಿಲಲ್ಲಿ ಆಯಮ್ಮ ಕೇಳಿದ್ರೆ ಮೀನಿಗೋಸ್ಕರ ಬಂದಿದಾರೆ ಅಂದೆ. ಸರಿಯಾಗೇ ಹೇಳ್ದೆ, ಇನ್ನೇನು ಹೇಳೋಕಾಗತ್ತೆ ನೀನಾದ್ರೂ. ನಾನೂ ಯೋಚನೆ ಮಾಡ್ದೆ. ಮೀನಿಗೋಸ್ಕರ ಬಂದಿದ್ದಾದ್ರೆ ಮೀನಿಗೋಸ್ಕರಾನೇ ಇರೋಣ. ಅವು ಚೆನ್ನಾಗಾದ್ರೆ ನಾನು ಹೊರಡ್ಬೇಕಲ್ಲ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕೆಟ್ಟ ಸಿಟ್ಟು ಬಂತು. ಅವರ ಮೇಲೆ, ನನ್ನ ಮೇಲೆ, ಗಡಿಯಾರ ಹೊತ್ತುಕೊಂಡು ಹೋದ ಆ ಮಹಾನುಭಾವನ ಮೇಲೆ. ಈ ಮುದುಕಿಯ ಮೇಲೆ ನನಗೆ ಪ್ರೀತಿಯಿದೆ ಎಂಬುದು ಆ ಸಿಟ್ಟಿನಲ್ಲೇ ಗೊತ್ತಾಗಿದ್ದು. ಆಗಲೇ ಹೇಳಿಬಿಡಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಇನ್ನೊಂದ್ಸಲ ಆ ಸ್ಪಂಜು ಮುಟ್ಟಿದ್ರೆ ನೋಡಿ!" ಎಂದು ಕಿರುಚಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮೀನಂಗಡಿಗೆ ಹೋಗಿ, "ಸ್ವಲ್ಪ ಗಲೀಜು ಕೊಡಿ" ಎಂದೆ. ಅಂಗಡಿಯವನು ನನ್ನನ್ನು ಒಂದು ನಮೂನೆ ನೋಡಿದ. ಬಿಡಿಸಿ ಹೇಳಿದ ಮೇಲೆ, ತನ್ನ ಹಳೇ ಟ್ಯಾಂಕಿನಿಂದ ಕಂದು ಲೋಳೆ ತುಂಬಿದ ಒಂದು ಸ್ಪಂಜು ತೆಗೆದು, ನೀರಿನ ಸಮೇತ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟ. ಊರವರ ಕೊಳೆಯನ್ನು ಎದೆಗವಚಿಕೊಂಡು ಮನೆಗೆ ಓಡಿ ಬಂದದ್ದು ಜೀವನದಲ್ಲಿ ಅದೇ ಮೊದಲು. ಅದನ್ನು ಫಿಲ್ಟರಿಗೆ ತುರುಕಿ, ಅರ್ಧ ನೀರು ಬದಲಿಸಿ, ಮೀನುಗಳಿಗೆ ಉಪವಾಸ ಹಾಕಿದೆವು. ಎರಡು ದಿನದಲ್ಲಿ ಬೀಗರು ಕೆಳಗಿಳಿದರು. ಚಿಳ್ಳೆಪಿಳ್ಳೆಗಳ ಓಡಾಟ ಶುರುವಾಯಿತು. ಅಳಿಯನಿಗೆ ಮೊದಲಿನಿಂದಲೂ ಏನೂ ಆಗಿರಲಿಲ್ಲ. ಅವನಿಗೆ ಯಾವಾಗ ತಾನೇ ಏನಾಗಿದೆ.

ಅತ್ತೆ ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡರು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಭಾನುವಾರ ನಾದಿನಿ ಬಂದಳು. ಹೊಸ್ತಿಲಲ್ಲೇ ನಿಂತು ಟ್ಯಾಂಕಿನ ಕಡೆ ನೋಡಿ, "ಮೀನು ಹೇಗಿದಾವೆ?" ಎಂದಳು. ಅತ್ತೆ ಚೀಲ ಹಿಡಿದು ಎದ್ದು ನಿಂತಿದ್ದರು.

"ಚೆನ್ನಾಗಿದಾವೆ" ಎಂದೆ ನಾನು. "ಅವಕ್ಕೆ ಏನೂ ಆಗಿಲ್ಲ. ಆದ್ರೂ ನಾನು ಅತ್ತೇನ ಕಳ್ಸಲ್ಲ."

ಹೇಳಿದ್ದೇ ತಡ, ನಾದಿನಿಯ ಮುಖದಲ್ಲಿ ಒಂದು ನಿರಾಳ ಬಂತು ನೋಡಿ, ಅದನ್ನು ಮುಚ್ಚಿಕೊಳ್ಳಲು ಅವಳಿಗೆ ಸಮಯವೇ ಸಿಗಲಿಲ್ಲ. "ಹಾಗಂತೀರಾ... ಸರಿ ಅತ್ತಿಗೆ, ನಿಮ್ಮಿಷ್ಟ" ಎಂದಳು. ಅತ್ತೆ ಅವಳ ಮುಖ ನೋಡಿದರು. ಚೀಲ ಕೆಳಗಿಟ್ಟು, ಟ್ಯಾಂಕಿನ ಕಡೆ ತಿರುಗಿ, ಗಾಜು ಒರೆಸತೊಡಗಿದರು. ಗಾಜು ಕೊಳೆಯಾಗಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ನಾದಿನಿಯ ರಟ್ಟೆ ಹಿಡಿದು ಮೆಟ್ಟಿಲ ತಿರುವಿನವರೆಗೆ ಎಳೆದುಕೊಂಡು ಹೋದೆ.

"ಅಷ್ಟು ಬೇಗ ಹೂಂ ಅಂತಾರೇನೇ? ಹೆತ್ತ ತಾಯಿ ಅದು, ಸ್ವಲ್ಪನಾದ್ರೂ ಜಗಳ ಆಡ್ಬಾರ್ದಾ? ವಾಪಸ್ ಮೇಲೆ ಹೋಗು. ನನ್ನ ಜೊತೆ ಜಗಳ ಆಡು."

"ಏನಂತ ಆಡ್ಲಿ?"

"ನಮ್ಮಮ್ಮನ್ನ ಕಳ್ಸಿ ಅಂತ."

ಅವಳು ಗಾಬರಿಯಾದಳು. "ನೀವು ಕಳ್ಸಿಬಿಟ್ರೆ?"

"ಕಳ್ಸಲ್ಲ ಮಹಾತಾಯಿ! ನೀನು ಕಿರುಚು, ಸಾಕು."

ಇಬ್ಬರೂ ಮೇಲೆ ಬಂದೆವು. ನಾದಿನಿ ಗಂಟಲು ಸರಿ ಮಾಡಿಕೊಂಡು, ಶಾಲೆಯ ಮಗು ಪಾಠ ಒಪ್ಪಿಸುವಂತೆ, "ಅತ್ತಿಗೆ, ನಮ್ಮ ಅಮ್ಮನ್ನ ಕಳ್ಸಿಕೊಡಿ" ಎಂದಳು.

"ಕಳ್ಸಲ್ಲ."

"ಯಾಕೆ ಕಳ್ಸಲ್ಲ?"

"ನನಗೆ ಬೇಕು, ಅದಕ್ಕೆ."

ಅವಳು ಮುಂದಿನ ಮಾತಿಗಾಗಿ ನನ್ನ ಮುಖವನ್ನೇ ನೋಡಿದಳು. ಇದು ಹೀಗೇ ಆರಿಹೋಗುತ್ತದೆ ಎನಿಸಿ, ನಾನೇ ದನಿ ಎತ್ತರಿಸಿದೆ. "ಇಷ್ಟು ದಿನ ಎಲ್ಲಿದ್ದೆ? ಎಷ್ಟು ಸಲ ಬಂದು ನೋಡಿದ್ದೀಯ ನಿಮ್ಮಮ್ಮನ್ನ?"

ಅದು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ನಾದಿನಿಯ ಕಿವಿ ಕೆಂಪಾಯಿತು.

"ಬಂದ್ರೆ ಕೂರೋಕೆ ಜಾಗ ಇರತ್ತಾ ನಂಗೆ? ನೀವಿಬ್ರೂ ಬೆಳಗಿಂದ ಸಾಯಂಕಾಲದ ತನಕ ಕಿತ್ತಾಡ್ತಾ ಇರ್ತೀರ, ನಾನು ಮಧ್ಯ ಪೆಕರು ಪೆಕರಾಗಿ ನೋಡ್ತಾ ಕೂರ್ಬೇಕು! ನನ್ನ ಒಂದಿನ ಬೈದಿದಾಳಾ ಅಮ್ಮ? ನಮ್ಮನೆಗೆ ಬಂದ್ರೆ ನೆಂಟರ ಥರ ಕೂತು, ಎಲ್ಲಾ ಚೆನ್ನಾಗಿದೆ, ಚೆನ್ನಾಗಿದೆ ಅನ್ನೋದು. ಎರಡನೇ ದಿನ ಚೀಲ ಹಿಡ್ಕೊಂಡು ಬಾಗಿಲ ಹತ್ರ ನಿಲ್ಲೋದು. ಅದನ್ನ ದಿನಾ ನೋಡೋಕೆ ನನ್ನ ಕೈಲಾಗಲ್ಲ ಅಂತ ಭಯ ಆಗಿತ್ತು ನಂಗೆ. ಇವಳಿಗೋಸ್ಕರ ರೂಮ್ ಖಾಲಿ ಮಾಡಿಸಿದೀನಿ, ಹೊಸ ಪರದೆ ಹಾಕಿದೀನಿ, ಗೊತ್ತಾ ನಿಂಗೆ?" ನನಗೆ ಎಂದೂ 'ನೀವು' ಬಿಟ್ಟು ಮಾತಾಡದವಳು ಏಕವಚನಕ್ಕಿಳಿದಿದ್ದಳು. "ನಿನ್ನ ಹತ್ರ ಜಗಳ ಆಡ್ತಾಳೆ, ನನ್ನ ಹತ್ರ ಯಾಕೆ ಆಡಲ್ಲ? ನಾನೇನು ಹೊರಗಿನವಳಾ?"

ಅಲ್ಲಿಗೆ ಅವಳು ಚೀಲದ ಮೇಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು ಬಿಕ್ಕಿದಳು. ಅಷ್ಟರಲ್ಲಿ ಗಲಾಟೆ ಕೇಳಿ ಓನರಮ್ಮ ಮೇಲೆ ಬಂದು ಬಾಗಿಲಲ್ಲಿ ಕತ್ತು ಚಾಚಿದರು.

"ಏನ್ರೀ ಇದು? ಮೀನಿಗೋಸ್ಕರ ಬಂದವ್ರು ಇನ್ನೂ ಹೋಗಿಲ್ವಾ?"

"ಇವರು ನಮ್ಮತ್ತೆ" ಎಂದೆ. "ಇಲ್ಲೇ ಇರ್ತಾರೆ. ಅವತ್ತು ಹೇಳ್ದೇ ಇದ್ದಿದ್ದು ನನ್ನ ತಪ್ಪು. ನಿಮಗೆ ಆಗಲ್ಲ ಅಂದ್ರೆ ಬೇರೆ ಮನೆ ನೋಡ್ಕೋತೀವಿ. ಟ್ಯಾಂಕನ್ನ ಮಾತ್ರ ನೀವೇ ಕೆಳಗಿಳಿಸಿಕೊಡ್ಬೇಕು."

ಓನರಮ್ಮ ಟ್ಯಾಂಕನ್ನೊಮ್ಮೆ, ಮೆಟ್ಟಿಲನ್ನೊಮ್ಮೆ ನೋಡಿ, ಏನೋ ಗೊಣಗುತ್ತಾ ಇಳಿದುಹೋದರು.

"ಸಾಕು, ಬಾಯಿ ಮುಚ್ಚಿ ಇಬ್ರೂ" ಎಂದರು ಅತ್ತೆ. ಒರೆಸುವ ಬಟ್ಟೆ ಬಿಸಾಡಿ ಮಗಳ ಎದುರು ಬಂದು ನಿಂತರು. "ಬಂದ ಹೆಣ್ಣಿಗೆ ಒಂದು ಲೋಟ ನೀರು ಕೊಟ್ಟಿಲ್ಲ, ಬಾಗಿಲಲ್ಲೇ ಶುರು ಹಚ್ಕೊಂಡ್ರಿ. ಏಳೇ, ಮುಖ ತೊಳ್ಕೋ. ಪರದೆಯಂತೆ ಪರದೆ! ಯಾವ ಬಣ್ಣದ್ದು ತಂದಿದ್ದೀಯೋ, ನಿನಗೆ ಬಣ್ಣ ಯಾವತ್ತು ಗೊತ್ತಾಗಿದೆ? ನಾನು ಇಲ್ಲಿರ್ತೀನಿ. ನೀನು ಪ್ರತೀ ಭಾನುವಾರ ಬರ್ಬೇಕು. ಬರ್ಲಿಲ್ಲಾ ಅಂದ್ರೆ ನಾನೇ ಬಂದು ಬೀದಿಗೆಲ್ಲಾ ಕೇಳೋ ಹಾಗೆ ಬೈತೀನಿ."

ನಾದಿನಿ ಅಳುತ್ತಲೇ ನಕ್ಕಳು. ಊಟ ಮಾಡಿ, ಬಟ್ಟೆಯಿಂದ ಉಪ್ಪಿನವರೆಗೆ ಎಲ್ಲದಕ್ಕೂ ಅಮ್ಮನಿಂದ ಬೈಸಿಕೊಂಡು, ಹೊಟ್ಟೆ ತುಂಬಿದವಳಂತೆ ಹೊರಟಳು.

ಅವಳ ಕಾರು ಹೋದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ಅತ್ತೆ ಅಡುಗೆಮನೆಯ ಹೊರಗೆ ನಿಂತರು, ಒಳಗೆ ಇಬ್ಬರು ಹಿಡಿಸುವುದಿಲ್ಲವಲ್ಲ.

"ಜಗಳ ಆಡು ಅಂತ ಹೇಳ್ಕೊಟ್ಟಿದ್ದು ನೀನೇ ತಾನೆ? ಮೆಟ್ಟಿಲಲ್ಲಿ ಪಿಸುಗುಟ್ಟಿದ್ದು ಮೇಲೆ ಕೇಳಲ್ಲ ಅಂದ್ಕೊಂಡಿದ್ಯಾ? ಹಲ್ಲು ಹೋಗಿದೆ ನಂಗೆ, ಕಿವಿ ಹೋಗಿಲ್ಲ."

ನಾನು ನಲ್ಲಿ ನಿಲ್ಲಿಸಿದೆ. ಸುಳ್ಳು ಹೇಳಲು ಏನೂ ಉಳಿದಿರಲಿಲ್ಲ. "ಹೌದು" ಎಂದೆ.

"ಕೊನೇಲಿ ಅವಳಿಗೆ ಅಳು ಬಂತಲ್ಲ. ಅದನ್ನೂ ಹೇಳ್ಕೊಟ್ಯಾ?"

"ಇಲ್ಲ. ಅದು ಅವಳದೇ."

ಅತ್ತೆ ತಲೆಯಾಡಿಸಿದರು. ಹೋಗುತ್ತಾರೆ ಎಂದುಕೊಂಡೆ, ಹೋಗಲಿಲ್ಲ. ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ ನಿಂತರು.

"ಮತ್ತೆ ನೀನು 'ನನಗೆ ಬೇಕು' ಅಂದ್ಯಲ್ಲ?" ಎಂದರು, ನನ್ನ ಮುಖ ನೋಡದೆ. "ಅದು ಆ ನಾಟಕದ್ದಾ?"

"ಅಲ್ಲ ಅತ್ತೆ," ಎಂದೆ. "ಅದು ನಂದು."